ಹಾಲಿಗೆ ಡಿಗ್ರಿ, ಗ್ಯಾಸಿಗೆ ಅಂದಾಜು

ಅರಸೀಕೆರೆಯಿಂದ ಹಾಸನದ ದಾರಿ ಹಿಡಿದರೆ ಸಿಗುವ ಹಾರನಹಳ್ಳಿಗೆ ಹೊರಗಿನವರು ಬರುವುದು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ಗುಡಿಗಳನ್ನು ನೋಡಲು, ಇಲ್ಲವೇ ಕೋಡಿಮಠಕ್ಕೆ. ಇಲ್ಲಿನವರ ಬೆಳಗು ಮಾತ್ರ ಸುತ್ತಿನ ಎಲ್ಲ ಹಳ್ಳಿಗಳಂತೆ ಹಾಲಿನ ಡೇರಿಯ ಮುಂದೆ ಶುರುವಾಗುತ್ತದೆ. ಕ್ಯಾನು ಹಿಡಿದು ಸಾಲು ನಿಂತವರ ಹಾಲು ಮೊದಲು ಅಳತೆಗೆ, ಆಮೇಲೆ ಪರೀಕ್ಷೆಗೆ. ‘ಡಿಗ್ರಿ’ ಬರಲಿಲ್ಲವೆಂದರೆ ವಾದ, ಬಂದರೆ ಪುಸ್ತಕದಲ್ಲಿ ಒಂದು ಅಂಕಿ. ಅದು ಬಿಟ್ಟು, ‘ನಿಮ್ಮ ಮನೇಲಿ ಎರಡು ಹಸು, ಹಸುವಿಗೆ ಸರಾಸರಿ ಎಂಟು ಲೀಟರ್, ಅಲ್ಲಿಗೆ ಹದಿನಾರು ಬರ್ಕೊಂಡೆ’ ಎಂದು ಡೇರಿ ಕಾರ್ಯದರ್ಶಿ ಯಾರಿಗಾದರೂ ಹೇಳಿದನೆನ್ನಿ, ಅವತ್ತೇ ಊರಲ್ಲಿ ಪಂಚಾಯ್ತಿ ಸೇರುತ್ತದೆ.

ಜಗತ್ತಿನ ತೈಲ ಮತ್ತು ಅನಿಲ ಉದ್ಯಮ ತನ್ನ ಮೀಥೇನ್ ಸೋರಿಕೆಯ ಲೆಕ್ಕವನ್ನು ದಶಕಗಳ ಕಾಲ ಬರೆದದ್ದು ಇದೇ ಕಾರ್ಯದರ್ಶಿಯ ಪದ್ಧತಿಯಲ್ಲಿ. ಇಷ್ಟು ಬಾವಿ, ಇಷ್ಟು ವಾಲ್ವ್, ಇಷ್ಟು ಕಂಪ್ರೆಸರ್, ಒಂದೊಂದಕ್ಕೂ ಸರಾಸರಿ ಇಷ್ಟು ಸೋರಿಕೆ, ಗುಣಿಸಿದರೆ ಮುಗಿಯಿತು. ಈ ಸರಾಸರಿಗಳಲ್ಲಿ ಎಷ್ಟೋ ಹಳೆಯವು, ಎಲ್ಲೋ ಬೇರೆ ದೇಶದ ಬೇರೆ ಯಂತ್ರಗಳ ಮೇಲೆ ತೆಗೆದವು. ನಿಜಕ್ಕೂ ಎಷ್ಟು ಸೋರುತ್ತಿದೆ ಎಂದು ಮೀಟರ್ ಹಿಡಿದು, ವಿಮಾನ ಹಾರಿಸಿ, ಕೊನೆಗೆ ಉಪಗ್ರಹದಿಂದ ನೋಡಲು ಶುರುಮಾಡಿದ್ದು ತೀರಾ ಈಚೆಗೆ. ನೋಡಿದಾಗ ಪುಸ್ತಕದ ಅಂಕಿಗೂ ಗಾಳಿಯಲ್ಲಿ ಸಿಕ್ಕ ಅಂಕಿಗೂ ತಾಳೆಯಾಗಲಿಲ್ಲ.

‘ಗ್ಯಾಸ್’ ಎಂಬ ಮಾತಿಗೆ ನಮ್ಮಲ್ಲಿ ಅರ್ಥ ಹಲವು (ಹೊಟ್ಟೆಯ ತೊಂದರೆಯನ್ನು ಬದಿಗಿಟ್ಟರೂ). ಸಿಲಿಂಡರಿನಲ್ಲಿ ಬರುವ ಅಡುಗೆ ಅನಿಲ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಅದರಲ್ಲಿ ಮೀಥೇನ್ ಇಲ್ಲವೆನ್ನುವಷ್ಟು ಕಡಿಮೆ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೀಥೇನೇ. ನೈಸರ್ಗಿಕ ಅನಿಲವಂತೂ ಬಹುಪಾಲು ಮೀಥೇನ್. ನಗರಗಳಲ್ಲಿ ಕೊಳವೆಯ ಮೂಲಕ ಅಡುಗೆಮನೆಗೆ ಬರುವುದೂ, ಸಿಎನ್‌ಜಿ ಎಂಬ ಹೆಸರಿನಲ್ಲಿ ವಾಹನಗಳ ತೊಟ್ಟಿ ತುಂಬುವುದೂ ಅದೇ. ಕೆರೆಯ ಕೆಸರನ್ನು ಕೋಲಿನಿಂದ ಕಲಕಿದಾಗ ಮೇಲೇಳುವ ಗುಳ್ಳೆಗಳಲ್ಲಿ ಇರುವುದೂ ಅದೇ. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಮ್ಯಾಗಿಯೋರ್ ಸರೋವರದ ಜೌಗಿನಲ್ಲಿ ಹಿಡಿದು ಪರೀಕ್ಷಿಸಿದ್ದು ಇಂಥ ಗುಳ್ಳೆಗಳನ್ನು.

ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿಸಿದರೆ ಒಳ್ಳೆಯ ಇಂಧನ. ಉರಿಯದೆ ಗಾಳಿಗೆ ಸೇರಿದರೆ ಮಾತ್ರ ಕಷ್ಟ. ವಾತಾವರಣದಲ್ಲಿ ಅದು ನಿಲ್ಲುವುದು ಸುಮಾರು 12 ವರ್ಷವಾದರೂ, ಅಷ್ಟರಲ್ಲಿ ಹಿಡಿದಿಡುವ ಶಾಖ ದೊಡ್ಡದು: 20 ವರ್ಷದ ಅವಧಿಗೆ ಲೆಕ್ಕ ಹಾಕಿದರೆ ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು, 100 ವರ್ಷಕ್ಕೆ ಹಾಕಿದರೆ 30 ಪಟ್ಟಿನ ಆಸುಪಾಸು. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ನೂರು ಕೋಟಿ ಭಾಗಗಳಲ್ಲಿ ಮೀಥೇನ್ 700ರಷ್ಟಿತ್ತು. ಈಗ 1,900 ದಾಟಿದೆ. ಭೂಮಿ ಈವರೆಗೆ ಬಿಸಿಯಾದದ್ದರಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಇದರ ತಲೆಗೆ ಕಟ್ಟುತ್ತಾರೆ. ಬೇಗ ಕರಗುವ ಅನಿಲವಾದ್ದರಿಂದ ಇಂದು ಸೋರಿಕೆ ನಿಲ್ಲಿಸಿದರೆ ಫಲ ನಮ್ಮ ಮಕ್ಕಳ ಕಾಲದಲ್ಲೇ ಕಾಣುತ್ತದೆ. ಇಂಗಾಲದ ಡೈ ಆಕ್ಸೈಡಿನ ವಿಷಯದಲ್ಲಿ ಈ ಸಮಾಧಾನವಿಲ್ಲ.

ಇಂಗಾಲದ ಡೈ ಆಕ್ಸೈಡನ್ನು ಬಿಟ್ಟು ಉಳಿದ ಅನಿಲಗಳನ್ನೂ ಗಮನಿಸಬೇಕೆಂದು ಜಗತ್ತಿಗೆ ಮನದಟ್ಟು ಮಾಡಿದವರಲ್ಲಿ ಒಬ್ಬರು ಬೆಂಗಳೂರಿನ ಶಾಲೆಯಲ್ಲಿ ಓದಿ, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ವೀರಭದ್ರನ್ ರಾಮನಾಥನ್. ಅದಕ್ಕೂ ಮೊದಲು ಅವರು ಕೆಲಸ ಮಾಡಿದ್ದು ಸಿಕಂದರಾಬಾದಿನ ಒಂದು ರೆಫ್ರಿಜರೇಟರ್ ಕಾರ್ಖಾನೆಯಲ್ಲಿ. ಅಲ್ಲಿ ಅವರ ಪಾಲಿಗೆ ಬಂದ ಕೆಲಸ ತಂಪುಕಾರಕ ಅನಿಲ ಯಾಕೆ ಸೋರಿಹೋಗುತ್ತಿದೆ ಎಂದು ಹುಡುಕುವುದು. ಹೀಗೆ ಸೋರಿದ ಅನಿಲ ಮೇಲೆ ಹೋಗಿ ಏನು ಮಾಡುತ್ತದೆಂಬುದನ್ನು 1975ರಲ್ಲಿ ಅವರೇ ಲೆಕ್ಕ ಹಾಕಿ ತೋರಿಸಿದರು. 1985ರಲ್ಲಿ ಸಂಗಡಿಗರೊಂದಿಗೆ ಬರೆದ ಪ್ರಬಂಧದಲ್ಲಿ ಮೀಥೇನ್ ಸೇರಿದಂತೆ ಚಿಲ್ಲರೆ ಅನಿಲಗಳೆಲ್ಲ ಒಟ್ಟಾದರೆ ಅವುಗಳ ಬಿಸಿ ಇಂಗಾಲದ ಡೈ ಆಕ್ಸೈಡಿಗೆ ಸರಿಗಟ್ಟಬಲ್ಲದು ಎಂಬ ಮಾತು ಬಂತು. ಹವಾಮಾನ ವಿಜ್ಞಾನದ ಒಂದು ದೊಡ್ಡ ಅಧ್ಯಾಯದ ಬೇರು ಹೀಗೆ ಕಾರ್ಖಾನೆಯ ಒಂದು ಸೋರಿಕೆಯಲ್ಲಿದೆ.

ಮನುಷ್ಯರಿಂದಾಗಿ ಗಾಳಿಗೆ ಸೇರುವ ಮೀಥೇನ್ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ: ಕೊಟ್ಟಿಗೆ ಮತ್ತು ಗದ್ದೆ, ಕಸದ ಗುಡ್ಡೆ ಮತ್ತು ಚರಂಡಿ, ಆಮೇಲೆ ಕಲ್ಲಿದ್ದಲು, ತೈಲ, ಅನಿಲ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ ಮೂರನೆಯ ಗುಂಪಿನಿಂದ ವರ್ಷಕ್ಕೆ ಸುಮಾರು 12 ಕೋಟಿ ಟನ್ ಹೊರಬೀಳುತ್ತದೆ, ಅದರಲ್ಲಿ ತೈಲ ಮತ್ತು ಅನಿಲದ್ದು 8 ಕೋಟಿ ಟನ್ನಿನ ಹತ್ತಿರ. ಭಾರತ ಇಡೀ ವರ್ಷ ಉರಿಸುವ ನೈಸರ್ಗಿಕ ಅನಿಲದ ತೂಕ ಇದಕ್ಕಿಂತ ಕಡಿಮೆ. ಅಂದರೆ ನಮ್ಮಂಥ ದೇಶವೊಂದರ ವರ್ಷದ ಗ್ಯಾಸನ್ನು ಮೀರಿಸುವಷ್ಟು ಸರಕು, ಮಾರಬಹುದಾದ ಸರಕು, ಯಾರಿಗೂ ಬೇಡವಾಗಿ ಆಕಾಶಕ್ಕೆ ಹೋಗುತ್ತಿದೆ.

ಯಾಕೆ ಹೋಗುತ್ತದೆ? ಕಾರಣಗಳು ಬಹುತೇಕ ಸಾಮಾನ್ಯವಾದವು, ಮೋಟಾರು ರಿಪೇರಿ ಮಾಡುವ ಯಾರಿಗಾದರೂ ಅರ್ಥವಾಗುವಂಥವು. ವಿದ್ಯುತ್ತಿಲ್ಲದ ದೂರದ ಬಾವಿಗಳಲ್ಲಿ ವಾಲ್ವ್ ತೆರೆದು ಮುಚ್ಚುವ ನಿಯಂತ್ರಕಗಳನ್ನು ಅನಿಲದ ಒತ್ತಡದಿಂದಲೇ ನಡೆಸುತ್ತಾರೆ. ವಾಲ್ವ್ ಒಂದೊಂದು ಸಲ ಆಡಿದಾಗಲೂ ಒಂದು ಉಸಿರಿನಷ್ಟು ಅನಿಲ ಹೊರಗೆ. ಇಂಥ ಲಕ್ಷಾಂತರ ನಿಯಂತ್ರಕಗಳಿವೆ. ಅವನ್ನು ಒತ್ತಿದ ಗಾಳಿಯಿಂದಲೋ ಸೌರಫಲಕದ ವಿದ್ಯುತ್ತಿನಿಂದಲೋ ನಡೆಸಿದರೆ ಆ ಸೋರಿಕೆ ಪೂರ್ತಿ ನಿಂತುಬಿಡುತ್ತದೆ. ಕಂಪ್ರೆಸರುಗಳ ತಿರುಗುವ ದಂಡದ ಸುತ್ತ ಎಣ್ಣೆಯ ಸೀಲ್ ಇದ್ದರೆ ಅನಿಲ ಎಣ್ಣೆಯಲ್ಲಿ ಕರಗಿ ಹೊರಬರುತ್ತದೆ. ಒಣ ಸೀಲ್ ಹಾಕಿದರೆ ತೀರಾ ಕಡಿಮೆ. ಪಿಸ್ಟನ್ ಕಂಪ್ರೆಸರಿನ ಪ್ಯಾಕಿಂಗ್ ಸವೆದಾಗ ಬದಲಿಸಬೇಕು, ಬದಲಿಸುವುದಿಲ್ಲ. ಕಚ್ಚಾತೈಲದ ತೊಟ್ಟಿಯ ಮೇಲಿನ ಮುಚ್ಚಳವನ್ನು ಅಳತೆ ನೋಡಲು ತೆಗೆದವರು ಸರಿಯಾಗಿ ಮುಚ್ಚದೆ ಇಳಿದುಬರುತ್ತಾರೆ. ಕೊಳವೆ ದುರಸ್ತಿಗೆ ಮುನ್ನ ಅದರೊಳಗಿನ ಅನಿಲವನ್ನೆಲ್ಲ ಗಾಳಿಗೆ ಬಿಟ್ಟು ಖಾಲಿ ಮಾಡುವುದು ಹಳೆಯ ರೂಢಿ. ಸಾಗಿಸಬಹುದಾದ ಕಂಪ್ರೆಸರ್ ತಂದು ಅದನ್ನು ಪಕ್ಕದ ಭಾಗಕ್ಕೆ ತಳ್ಳಬಹುದು, ಆದರೆ ಅದಕ್ಕೆ ಹೆಚ್ಚು ಸಮಯ ಬೇಕು. ಹೊರಗೆ ಬಿಟ್ಟರೆ ಬೇಗ ಮುಗಿಯುತ್ತದೆ.

ಇನ್ನೊಂದು ದಾರಿ ಜ್ವಾಲೆ. ತೈಲದ ಜೊತೆ ಮೇಲೆ ಬರುವ ಅನಿಲವನ್ನು ಸಾಗಿಸಲು ಕೊಳವೆಯಿಲ್ಲದ ಕಡೆ ಚಿಮಣಿಯ ತುದಿಯಲ್ಲಿ ಉರಿಸಿಬಿಡುತ್ತಾರೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2023ರಲ್ಲಿ ಹೀಗೆ ಉರಿದದ್ದು 148 ಶತಕೋಟಿ ಘನಮೀಟರ್, ಭಾರತದ ವಾರ್ಷಿಕ ಬಳಕೆಯ ಎರಡರಷ್ಟು. ಉರಿದರೆ ಮೀಥೇನ್ ನಾಶವಾಗುತ್ತದೆ, ಹಾಗಾಗಿ ಸುಮ್ಮನೆ ಬಿಡುವುದಕ್ಕಿಂತ ಉರಿಸುವುದು ಮೇಲು, ನಿಜ. ಆದರೆ ನೂರಕ್ಕೆ 98 ಭಾಗ ಉರಿಯುತ್ತದೆಂದು ಪುಸ್ತಕ ಹೇಳುತ್ತಿದ್ದಾಗ, ಅಮೆರಿಕದಲ್ಲಿ ವಿಮಾನದಿಂದ ಅಳೆದವರಿಗೆ 2022ರಲ್ಲಿ ಸಿಕ್ಕಿದ್ದು 91. ಕೆಲವು ಚಿಮಣಿಗಳಲ್ಲಿ ಬೆಂಕಿ ಆರಿಹೋಗಿತ್ತು. ಅನಿಲ ಮಾತ್ರ ಹರಿಯುತ್ತಿತ್ತು.

2018ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ ಅಮೆರಿಕದ ತೈಲ ಮತ್ತು ಅನಿಲ ಜಾಲದ ಸೋರಿಕೆ ಉತ್ಪಾದನೆಯ ಶೇ 2.3ರಷ್ಟಿದೆ, ಸರ್ಕಾರಿ ಲೆಕ್ಕಕ್ಕಿಂತ ಶೇ 60ರಷ್ಟು ಹೆಚ್ಚು ಎಂದಿತು. ಶೇ 2.3 ಎಂದರೆ ಸಣ್ಣದೆನಿಸಬಹುದು. ಆದರೆ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿಗಿಂತ ಅನಿಲ ಹವಾಮಾನಕ್ಕೆ ಒಳ್ಳೆಯದೆನ್ನಬೇಕಾದರೆ ಸೋರಿಕೆ ಸುಮಾರು ಶೇ 3ರ ಒಳಗಿರಬೇಕೆಂದು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೊಗಳ ಪರ್ಮಿಯನ್ ಪ್ರದೇಶದಲ್ಲಿ ಉಪಗ್ರಹ ಕಂಡ ಸೋರಿಕೆ ಶೇ 3.7. ‘ಸ್ವಚ್ಛ ಇಂಧನ’ ಎಂಬ ಹೆಸರು ಈ ಒಂದೆರಡು ಅಂಕಿಗಳ ಅಂತರದಲ್ಲಿ ನಿಲ್ಲುತ್ತದೆ, ಇಲ್ಲವೇ ಬೀಳುತ್ತದೆ.

ದೊಡ್ಡ ಅವಘಡಗಳ ಪ್ರಮಾಣ ತಿಳಿಯಬೇಕಾದರೆ ಕೊಟ್ಟಿಗೆಯ ಲೆಕ್ಕವೇ ಅನುಕೂಲ. ಒಂದು ಹಸು ಮೆಲುಕು ಹಾಕುತ್ತಾ ವರ್ಷಕ್ಕೆ 50 ಕಿಲೋ ಮೀಥೇನ್ ತೇಗುತ್ತದೆ ಎಂದಿಟ್ಟುಕೊಳ್ಳಿ. ಲಾಸ್ ಏಂಜಲಿಸ್ ಬಳಿಯ ಅಲಿಸೊ ಕ್ಯಾನಿಯನ್ ಎಂಬಲ್ಲಿ ನೆಲದೊಳಗಿನ ಅನಿಲ ಸಂಗ್ರಹದ ಒಂದು ಬಾವಿ 2015ರ ಅಕ್ಟೋಬರಿನಲ್ಲಿ ಒಡೆದು, ಮುಂದಿನ ಫೆಬ್ರುವರಿಯವರೆಗೆ ಸೋರಿತು. ಹೊರಬಿದ್ದದ್ದು ಸುಮಾರು 97,000 ಟನ್, ಅಂದರೆ 19 ಲಕ್ಷ ಹಸುಗಳ ವರ್ಷದ ತೇಗು. 2022ರ ಸೆಪ್ಟೆಂಬರಿನಲ್ಲಿ ಬಾಲ್ಟಿಕ್ ಸಮುದ್ರದಡಿಯ ನಾರ್ಡ್ ಸ್ಟ್ರೀಮ್ ಕೊಳವೆಗಳನ್ನು ಯಾರೋ ಸ್ಫೋಟಿಸಿದಾಗ ಹೊರಬಂದದ್ದು 4.5 ಲಕ್ಷ ಟನ್ನಿಗೂ ಹೆಚ್ಚು. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ದನಗಳು ಸುಮಾರು 85 ಲಕ್ಷ. ಅಮೃತಮಹಲಿನಿಂದ ಹಿಡಿದು ಡೇರಿಗೆ ಹಾಲು ಹಾಕುವ ಎಚ್‌ಎಫ್ ಹಸುವಿನವರೆಗೆ ಅಷ್ಟೂ ವರ್ಷವಿಡೀ ತೇಗಿದರೂ ಆ ಕೆಲವು ದಿನಗಳ ಸೋರಿಕೆಯನ್ನು ಮುಟ್ಟಲಾರವು.

ಈ ಹೋಲಿಕೆಗೆ ಒಂದು ರಾಜಕೀಯವೂ ಇದೆ. 2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಮಾವೇಶದಲ್ಲಿ ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ಮುಂದಾಳತ್ವದಲ್ಲಿ ಜಾಗತಿಕ ಮೀಥೇನ್ ಪ್ರತಿಜ್ಞೆ ಹೊರಬಿತ್ತು: 2020ರ ಮಟ್ಟಕ್ಕಿಂತ ಶೇ 30ರಷ್ಟನ್ನು 2030ರೊಳಗೆ ಇಳಿಸುವುದು. 150ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಭಾರತ ಹಾಕಲಿಲ್ಲ. ನಮ್ಮ ಮೀಥೇನಿನ ಸುಮಾರು ಮುಕ್ಕಾಲು ಪಾಲು ಬರುವುದು ಕೃಷಿಯಿಂದ. ಸಣ್ಣ ರೈತನ ದನ, ಗದ್ದೆಯ ಮೇಲೆ ಕೈ ಹಾಕಲಾರೆವು. ಶ್ರೀಮಂತ ದೇಶಗಳ ಇಂಗಾಲದ ಹೊಣೆಯನ್ನು ಇದರ ಹಿಂದೆ ಬಚ್ಚಿಡಲು ಬಿಡೆವು ಎಂಬುದು ಸರ್ಕಾರ ಸಂಸತ್ತಿನ ಮುಂದಿಟ್ಟ ವಾದ. ವಾದದಲ್ಲಿ ಹುರುಳಿದೆ. ಎರಡು ಹಸು ಸಾಕಿದವಳನ್ನೂ ಅನಿಲ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ. ಆದರೆ ಅದೇ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು: ಹಸುವಿನವಳ ನೆಪದಲ್ಲಿ ಅನಿಲ ಕಂಪನಿಯ ಲೆಕ್ಕವೂ ಕೇಳದೆ ಉಳಿದುಬಿಡುತ್ತದೆ.

ವಿಚಿತ್ರವೆಂದರೆ ಕೊಟ್ಟಿಗೆಯ ಬಗ್ಗೆಯೇ ನಮ್ಮಲ್ಲಿ ಹೆಚ್ಚು ಅಳತೆ ನಡೆದಿದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಟ್ಯಾನಿನ್ ಇರುವ ಗಿಡಮೂಲಿಕೆಗಳಿಂದ ‘ಹರಿತ ಧಾರಾ’ ಎಂಬ ಪೂರಕ ಆಹಾರ ತಯಾರಿಸಿದೆ. ಮೇವಿನ ಜೊತೆ ಕೊಟ್ಟರೆ ದನದ ಮೀಥೇನ್ ಶೇ 17ರಿಂದ 20ರಷ್ಟು ಇಳಿಯುತ್ತದೆಂದು ಸಂಸ್ಥೆ ಅಳೆದು ಹೇಳುತ್ತದೆ. ಮೀಥೇನಾಗಿ ಪೋಲಾಗುವ ಮೇವಿನ ಶಕ್ತಿ ಹಾಲಿಗೆ ತಿರುಗಲಿ ಎಂಬ ಆಸೆಯೂ ಅದರಲ್ಲಿದೆ. ಇನ್ನೂ ಹಿಂದಕ್ಕೆ ಹೋದರೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು ಈ ಹಳ್ಳಿಯಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಹಾಕಿದ್ದರು. 1987ರ ಹೊತ್ತಿಗೆ ಆ ಅನಿಲ ಎಂಜಿನ್ ತಿರುಗಿಸಿ, ಊರಿಗೆ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟಿತು. ಮನೆಮನೆಯಿಂದ ಬಂದ ಸಗಣಿಯನ್ನು ಅಲ್ಲಿ ತೂಕಕ್ಕೆ ಹಾಕುತ್ತಿದ್ದರು. ಕಿಲೋಗಿಷ್ಟು ಪೈಸೆ ಎಂದು ಹಣ, ಅನಿಲ ತೆಗೆದ ಮೇಲಿನ ಬಗ್ಗಡ ಗೊಬ್ಬರವಾಗಿ ಅವರವರ ಪಾಲಿಗೆ ವಾಪಸ್. ಸಗಣಿಗೂ ರಸೀದಿ ಇದ್ದ ಸ್ಥಾವರ ಅದು.

ಕರ್ನಾಟಕದಲ್ಲಿ ತೈಲ ಬಾವಿಯಿಲ್ಲ, ಅನಿಲ ಬಾವಿಯೂ ಇಲ್ಲ. ಹಾಗಾದರೆ ಈ ವಿಷಯ ನಮಗೇಕೆ ಎಂದು ಹತ್ತು ಹದಿನೈದು ವರ್ಷದ ಹಿಂದೆ ಕೇಳಬಹುದಿತ್ತು. ಹಾಸನ ಜಿಲ್ಲೆಯ ನೆಲದಡಿ ಕೊಳವೆಗಳು ಹೊಸವಲ್ಲ. ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಕೊಳವೆ 2003ರಿಂದ ಎಂಆರ್‌ಪಿಎಲ್‌ನ ಪೆಟ್ರೋಲು, ಡೀಸೆಲುಗಳನ್ನು ಘಟ್ಟ ಹತ್ತಿಸುತ್ತಿದೆ. ಅಡುಗೆ ಅನಿಲ ಮಾತ್ರ ಹೆದ್ದಾರಿಯ ಟ್ಯಾಂಕರುಗಳಲ್ಲೇ ಹೋಗುತ್ತಿತ್ತು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಜನ ಸುಟ್ಟುಹೋದ ನೆನಪು ಆ ಹೆದ್ದಾರಿಯವರಿಗೆ ಇನ್ನೂ ಹಸಿಯಾಗಿದೆ. ಆಮೇಲಿನ ವರ್ಷಗಳಲ್ಲಿ ಮಂಗಳೂರಿನಿಂದ ಹಾಸನ, ಮೈಸೂರು ಮಾರ್ಗವಾಗಿ ಸೋಲೂರಿಗೆ, ಹಾಸನದಿಂದ ತೆಲಂಗಾಣದ ಚರ್ಲಪಲ್ಲಿಗೆ ಎಲ್‌ಪಿಜಿ ಕೊಳವೆಗಳು ಬಂದವು. ಇವುಗಳಲ್ಲಿ ಯಾವುದರಲ್ಲೂ ಹರಿಯುವುದು ಮೀಥೇನ್ ಅಲ್ಲ. ಇಲ್ಲಿ ಹರಿಯುವ ಡೀಸೆಲಿನ ಮೀಥೇನ್ ಸಾಲವೆಲ್ಲ ಎಲ್ಲೋ ಅರಬ್ ದೇಶದ ಬಾವಿಯ ಬಾಯಲ್ಲಿ ಮೊದಲೇ ಏರಿರುತ್ತದೆ. ನಮ್ಮ ಪಂಪ್‌ಸೆಟ್ಟಿನ ಲೆಕ್ಕಕ್ಕೆ ಅದು ಬರುವುದೇ ಇಲ್ಲ.

ಮೀಥೇನ್ ಕೊಳವೆಯಲ್ಲಿ ರಾಜ್ಯದೊಳಕ್ಕೆ ಬಂದದ್ದು 2013ರಲ್ಲಿ, ಗೇಲ್ ಸಂಸ್ಥೆಯ ದಾಭೋಲ್–ಬೆಂಗಳೂರು ಮಾರ್ಗದ ಮೂಲಕ. ಮಹಾರಾಷ್ಟ್ರದ ಕರಾವಳಿಯಿಂದ ಹೊರಟು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ದಾಟಿ ಬರುವ ಈ ಕೊಳವೆ ಅರಸೀಕೆರೆ ಸೀಮೆಗೆ ನೆರೆಯದು. ಎರಡನೆಯದು ಕೊಚ್ಚಿಯಿಂದ ಮಂಗಳೂರಿಗೆ, ಸುಮಾರು 450 ಕಿಲೋಮೀಟರ್. ಕೇರಳದಲ್ಲಿ ವರ್ಷಗಟ್ಟಲೆ ಜಮೀನಿನ ಜಗಳದಲ್ಲಿ ಸಿಕ್ಕಿಬಿದ್ದು, ಕಾಸರಗೋಡು ದಾಟಿ, 2021ರ ಜನವರಿ 5ರಂದು ಉದ್ಘಾಟನೆಯಾಯಿತು. ನಾಫ್ತಾ ಉರಿಸುತ್ತಿದ್ದ ಪಣಂಬೂರಿನ ಎಂಸಿಎಫ್ ಗೊಬ್ಬರ ಕಾರ್ಖಾನೆ ಅನಿಲಕ್ಕೆ ಬದಲಾಯಿತು. ಯಲಹಂಕದಲ್ಲಿ ರಾಜ್ಯದ ಮೊದಲ ಅನಿಲ ವಿದ್ಯುತ್ ಸ್ಥಾವರ, 370 ಮೆಗಾವಾಟಿನದು, 2024ರಲ್ಲಿ ಉದ್ಘಾಟನೆಗೊಂಡಿತು. ಬೆಂಗಳೂರಿನ ಬಡಾವಣೆಗಳಲ್ಲಿ ಅಡುಗೆಮನೆಯ ಗೋಡೆಗೆ ಮೀಟರು ಬಂತು. ದೇಶದ ಇಂಧನದಲ್ಲಿ ಶೇ 6ರ ಆಸುಪಾಸಿನಲ್ಲಿರುವ ಅನಿಲದ ಪಾಲನ್ನು 2030ಕ್ಕೆ ಶೇ 15ಕ್ಕೆ ಏರಿಸುವುದು ಕೇಂದ್ರದ ಗುರಿ.

ದಾಭೋಲಿನ ಕಡೆ ಒಮ್ಮೆ ತಿರುಗಿ ನೋಡಬೇಕು. 2018ರ ಮಾರ್ಚ್ 30ರಂದು ಅಲ್ಲಿಗೆ ಬಂದು ನಿಂತ ಹಡಗಿನಲ್ಲಿದ್ದದ್ದು ಅಮೆರಿಕದ ಲೂಸಿಯಾನದ ಸಬೀನ್ ಪಾಸ್‌ನಿಂದ ದ್ರವವಾಗಿ ತುಂಬಿದ ಅನಿಲ, ಗೇಲ್‌ನ ದೀರ್ಘಾವಧಿ ಒಪ್ಪಂದದ ಮೊದಲ ಸರಕು. ನಾವು ಬಳಸುವ ಅನಿಲದ ಅರ್ಧದಷ್ಟು ಹೀಗೆ ಹಡಗಿನಲ್ಲಿ ಬರುವಂಥದ್ದು. ಟೆಕ್ಸಸ್ಸಿನ ಯಾವುದೋ ತೊಟ್ಟಿಯ ಮುಚ್ಚಳ ಸರಿಯಾಗಿ ಮುಚ್ಚಿದೆಯೇ ಎಂಬುದಕ್ಕೂ ಬೆಂಗಳೂರಿನ ಒಲೆ ಎಷ್ಟು ‘ಸ್ವಚ್ಛ’ ಎಂಬುದಕ್ಕೂ ಅಲ್ಲಿಂದ ನಂಟು. ಆ ನಂಟಿನ ಬೆಲೆಯನ್ನು ನಾವು ಕೇಳಿಲ್ಲ. ಯುರೋಪು ಕೇಳಲು ಶುರುಮಾಡಿದೆ: 2024ರ ಆಗಸ್ಟಿನಲ್ಲಿ ಜಾರಿಗೆ ಬಂದ ಅಲ್ಲಿನ ಮೀಥೇನ್ ಕಾನೂನು ಸ್ವಂತ ಕಂಪನಿಗಳಿಗೆ ಸೋರಿಕೆ ಹುಡುಕಿ ಸರಿಪಡಿಸುವುದನ್ನು ಕಡ್ಡಾಯ ಮಾಡಿ, ಸುಮ್ಮಸುಮ್ಮನೆ ಗಾಳಿಗೆ ಬಿಡುವುದನ್ನೂ ಉರಿಸುವುದನ್ನೂ ನಿಷೇಧಿಸಿ, 2027ರಿಂದ ಆಮದು ಮಾಡಿಕೊಳ್ಳುವ ಅನಿಲಕ್ಕೂ ಅಳತೆಯ ಪತ್ರ ಕೇಳುವಂತಿದೆ. ಕಾನೂನನ್ನು ಸಡಿಲಿಸಿ ಎಂಬ ಒತ್ತಡ ಅಲ್ಲೂ ಕಡಿಮೆಯಿಲ್ಲ.

ದೇಶದ ಉಳಿದ ಕಡೆ ಬಾವಿಗಳಿವೆ, ಅವುಗಳ ಇತಿಹಾಸವೂ ಇದೆ. ಆಂಧ್ರದ ಪಾಸರ್ಲಪೂಡಿಯಲ್ಲಿ 1995ರಲ್ಲಿ ಒಎನ್‌ಜಿಸಿ ಬಾವಿಯೊಂದು ಸಿಡಿದು ಎರಡು ತಿಂಗಳು ಉರಿಯಿತು. 2014ರ ಜೂನಿನಲ್ಲಿ ಅದೇ ಗೋದಾವರಿ ಸೀಮೆಯ ನಗರಂ ಹಳ್ಳಿಯಲ್ಲಿ ಗೇಲ್ ಕೊಳವೆ ಸೋರಿ, ಬೆಂಕಿ ಹತ್ತಿ, ನಸುಕಿನಲ್ಲಿ ಮಲಗಿದ್ದವರೂ ಸೇರಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಅಸ್ಸಾಮಿನ ಬಾಘ್ಜಾನ್‌ನಲ್ಲಿ ಆಯಿಲ್ ಇಂಡಿಯಾದ ಬಾವಿ 2020ರ ಮೇ 27ರಂದು ಸಿಡಿದು, ಜೂನ್ 9ರಂದು ಬೆಂಕಿ ಹತ್ತಿ, ನವೆಂಬರಿನಲ್ಲಷ್ಟೇ ಆರಿತು. ಪಕ್ಕದ ಮಾಗುರಿ–ಮೋಟಾಪುಂಗ್ ಜೌಗಿನ ಮೀನು, ಹಕ್ಕಿಗಳ ಗತಿ ಸುದ್ದಿಯಾಯಿತು. ಈ ಮೂರನ್ನೂ ನಾವು ನೆನಪಿಟ್ಟಿರುವುದು ಬೆಂಕಿಯಿಂದಾಗಿ. ಬಾಘ್ಜಾನಿನಲ್ಲಿ ಬೆಂಕಿ ಹತ್ತುವ ಮೊದಲು ಹದಿಮೂರು ದಿನ ಅನಿಲ ಸುಮ್ಮನೆ ಹೊರಬರುತ್ತಲೇ ಇತ್ತು, ಹವಾಮಾನದ ದೃಷ್ಟಿಯಿಂದ ಕೆಟ್ಟ ದಿನಗಳು ಅವೇ.

ನಮ್ಮ ಕಂಪನಿಗಳು ಏನೂ ಮಾಡಿಲ್ಲವೆಂದಲ್ಲ. ಒಎನ್‌ಜಿಸಿ 2007ರಲ್ಲೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, ಇನ್‌ಫ್ರಾರೆಡ್ ಕ್ಯಾಮೆರಾ ತಂದು ತನ್ನ ಸ್ಥಾವರಗಳಲ್ಲಿ ಸೋರಿಕೆ ಹುಡುಕಿತು. ಆ ಕ್ಯಾಮೆರಾದಲ್ಲಿ ಬರಿಗಣ್ಣಿಗೆ ಕಾಣದ ಮೀಥೇನ್ ಕರಿಯ ಹೊಗೆಯಂತೆ ಕಾಣುತ್ತದೆ; ಒಮ್ಮೆ ನೋಡಿದ ಎಂಜಿನಿಯರ್ ಆಮೇಲೆ ‘ಸೋರಿಕೆಯಿಲ್ಲ’ ಎಂದು ಬರೆದು ಸಹಿ ಹಾಕುವುದು ಕಷ್ಟ. ಉರಣ್ ಮತ್ತು ಹಜೀರಾ ಸ್ಥಾವರಗಳಲ್ಲಿ ಜ್ವಾಲೆಗೆ ಹೋಗುತ್ತಿದ್ದ ಅನಿಲವನ್ನು ಹಿಡಿದು ಮತ್ತೆ ಬಳಸುವ ವ್ಯವಸ್ಥೆಗಳೂ ಬಂದವು, ಇಂಗಾಲದ ಕ್ರೆಡಿಟ್ ಪತ್ರ ಮಾರುವ ಅಂತಾರಾಷ್ಟ್ರೀಯ ಯೋಜನೆಯಡಿ. ಪತ್ರದ ಮಾರುಕಟ್ಟೆ ಕುಸಿದ ಮೇಲೆ ಇಂಥ ಯೋಜನೆಗಳ ಉತ್ಸಾಹವೂ ಇಳಿಯಿತು. ಲಾಭವಿದ್ದ ಕಡೆ ಮಾಡಿದರು, ಕಡ್ಡಾಯವಿಲ್ಲದ ಕಡೆ ಬಿಟ್ಟರು. ಕೊಳವೆ ಮತ್ತು ನಗರ ಅನಿಲ ಜಾಲಗಳ ಮೇಲೆ 2006ರ ಕಾಯ್ದೆಯಡಿ ಬಂದ ನಿಯಂತ್ರಣ ಮಂಡಳಿಯ ನಿಯಮಗಳಿವೆ. ಅವುಗಳ ಕಣ್ಣು ಮುಖ್ಯವಾಗಿ ಸುರಕ್ಷತೆಯ ಮೇಲೆ. ಸ್ಫೋಟವಾಗುವಷ್ಟು ಅನಿಲ ಸೇರದಂತೆ ನೋಡಿಕೊಳ್ಳುವುದು ಒಂದು ಕೆಲಸ, ಯಾವತ್ತೂ ಸ್ಫೋಟಿಸದೆ ನಿಧಾನವಾಗಿ ಜಿನುಗುವುದನ್ನು ಎಣಿಸುವುದು ಬೇರೆಯೇ ಕೆಲಸ.

ಎಣಿಸುವ ಕೆಲಸ ಈಗ ಆಕಾಶದಿಂದಲೂ ನಡೆಯುತ್ತಿದೆ. ಯುರೋಪಿನ ಸೆಂಟಿನೆಲ್–5ಪಿ ಉಪಗ್ರಹ 2017ರ ಅಕ್ಟೋಬರಿನಲ್ಲಿ ಹಾರಿದ ಮೇಲೆ ತುರ್ಕ್‌ಮೆನಿಸ್ತಾನ, ಅಲ್ಜೀರಿಯಾ, ಪರ್ಮಿಯನ್‌ಗಳ ದೊಡ್ಡ ಸೋರಿಕೆಗಳು ನಕ್ಷೆಯ ಮೇಲೆ ಕೆಂಪು ಚುಕ್ಕೆಗಳಾದವು. ಕಜಾಕಸ್ತಾನದ ಒಂದು ಬಾವಿ 2023ರಲ್ಲಿ ಆರು ತಿಂಗಳು ಸೋರಿ 1.27 ಲಕ್ಷ ಟನ್ ಹೊರಹಾಕಿದ್ದನ್ನು ಹೊರಜಗತ್ತಿಗೆ ತೋರಿಸಿದ್ದು ಉಪಗ್ರಹಗಳೇ. ಸೋರುವ ಜಾಗಗಳಲ್ಲಿ ಸುಮಾರು ಶೇ 5ರಷ್ಟು ಮಾತ್ರ ಒಟ್ಟು ಸೋರಿಕೆಯ ಅರ್ಧಕ್ಕಿಂತ ಹೆಚ್ಚಿಗೆ ಕಾರಣ ಎಂಬುದು ಅಧ್ಯಯನಗಳ ಸಾರ. ಹಾಗಾಗಿ ದೊಡ್ಡವನ್ನು ಹಿಡಿದರೆ ಅರ್ಧ ಕೆಲಸವಾದಂತೆ. ಮೀಥೇನಿಗೆಂದೇ ಮಾಡಿದ ಮೀಥೇನ್‌ಸ್ಯಾಟ್ ಉಪಗ್ರಹ 2024ರ ಮಾರ್ಚಿನಲ್ಲಿ ಹಾರಿ, 2025ರ ಜೂನಿನಲ್ಲಿ ಸಂಪರ್ಕ ಕಡಿದುಕೊಂಡದ್ದು ಈ ಕ್ಷೇತ್ರಕ್ಕೆ ಬಿದ್ದ ಪೆಟ್ಟು.

ಆದರೆ ಕಂಡರೆ ಸಾಕೆ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಉಪಗ್ರಹದಲ್ಲಿ ಕಂಡ ಸೋರಿಕೆಯನ್ನು ಆಯಾ ಸರ್ಕಾರ ಮತ್ತು ಕಂಪನಿಗಳಿಗೆ ತಿಳಿಸುವ ಎಚ್ಚರಿಕೆ ವ್ಯವಸ್ಥೆ ನಡೆಸುತ್ತದೆ. 2024ರ ಅದರ ವರದಿಯ ಪ್ರಕಾರ ಕಳಿಸಿದ ಸುಮಾರು 1,200 ಎಚ್ಚರಿಕೆಗಳಲ್ಲಿ ಉತ್ತರ ಬಂದದ್ದು 15ಕ್ಕೆ. ನೂರಕ್ಕೆ ಒಂದು. ಉತ್ತರ ಬಂದ ಕಡೆ ಕೆಲಸ ಆಗಿದೆ: ಅಲ್ಜೀರಿಯಾದ ಹಸ್ಸಿ ಮೆಸ್ಸೌದ್‌ನಲ್ಲಿ ಎಷ್ಟೋ ವರ್ಷಗಳಿಂದ ಸೋರುತ್ತಿದ್ದ ಜಾಗ ಎಚ್ಚರಿಕೆಯ ನಂತರ ನಿಂತಿತು. ಅಮೆರಿಕದಲ್ಲಿ ಕಥೆ ಉಲ್ಟಾ. 2022ರ ಕಾನೂನು ಮಿತಿ ಮೀರಿದ ಮೀಥೇನಿಗೆ ಟನ್ನಿಗೆ 900 ಡಾಲರಿನಿಂದ ಶುರುವಾಗುವ ದಂಡ ಇಟ್ಟಿತ್ತು. ಸರ್ಕಾರ ಬದಲಾದ ಮೇಲೆ 2025ರಲ್ಲಿ ಅದನ್ನು ಹತ್ತು ವರ್ಷ ಮುಂದಕ್ಕೆ ತಳ್ಳಿದರು.

ಹಾಗೆ ನೋಡಿದರೆ ದಂಡಕ್ಕಿಂತ ಹಳೆಯ ಉದಾಹರಣೆ ನಾರ್ವೆಯದು. ಸಮುದ್ರದಲ್ಲಿ ತೈಲ ಸಿಕ್ಕ ಶುರುವಿನಲ್ಲೇ, 1970ರ ದಶಕದ ಆರಂಭದಲ್ಲಿ, ಸುಮ್ಮನೆ ಅನಿಲ ಉರಿಸಕೂಡದೆಂದು ಅದು ನಿಯಮ ಮಾಡಿತು. ಇವತ್ತು ಒಂದೊಂದು ಪೀಪಾಯಿಗೆ ಅಲ್ಲಿ ಸೋರುವುದಕ್ಕೂ ತುರ್ಕ್‌ಮೆನಿಸ್ತಾನದಲ್ಲಿ ಸೋರುವುದಕ್ಕೂ ನೂರು ಪಟ್ಟಿಗಿಂತ ಹೆಚ್ಚು ಅಂತರ.  ಇಂಧನ ಸಂಸ್ಥೆಯ ಪ್ರಕಾರ ತೈಲ ಮತ್ತು ಅನಿಲ ಉದ್ಯಮದ ಮೀಥೇನಿನಲ್ಲಿ ಶೇ 70ರಷ್ಟನ್ನು ಈಗಿರುವ ಉಪಕರಣಗಳಿಂದಲೇ ನಿಲ್ಲಿಸಬಹುದು. ಹಾಗೆ ಉಳಿಸಿದ ಅನಿಲ ಮಾರಿದರೆ ಅದರಲ್ಲಿ ದೊಡ್ಡ ಭಾಗದ ಖರ್ಚೂ ಹುಟ್ಟುತ್ತದೆ. ಇಷ್ಟು ಅಗ್ಗವಾದರೆ ಯಾಕೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಉದ್ಯಮದವರು ಕೊಡುವ ಉತ್ತರ, ಬಂಡವಾಳವನ್ನು ಹೊಸ ಬಾವಿಗೆ ಹಾಕಿದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂಬುದು. ಪೋಲಾದ ಹಾಲಿಗೆ ದುಡ್ಡು ಕಳೆಯುವ ಡೇರಿ ಇಲ್ಲದಿದ್ದರೆ ಕ್ಯಾನಿನ ತೂತಿಗೆ ಬೆಸುಗೆ ಹಾಕಿಸುವವರು ಯಾರು?

ಕರ್ನಾಟಕಕ್ಕೆ ಇಲ್ಲಿ ಒಂದು ಅನುಕೂಲವಿದೆ, ಅದು ಹೆಚ್ಚು ದಿನ ಇರುವಂಥದ್ದಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ನೂರು ವರ್ಷದ ಎರಕದ ಕಬ್ಬಿಣದ ಕೊಳವೆಗಳು. ಒಬ್ಬ ಸಂಶೋಧಕನ ತಂಡ ಕಾರಿನಲ್ಲಿ ಮೀಟರ್ ಇಟ್ಟುಕೊಂಡು ಬೀದಿ ಸುತ್ತಿದಾಗ ಸಿಕ್ಕ ಸೋರಿಕೆಗಳು 3,300ಕ್ಕೂ ಹೆಚ್ಚು. ನಮ್ಮ ನಗರಗಳ ಜಾಲ ಹೊಸದು, ಮನೆಗಳತ್ತ ಹೋಗುವುದು ಪಾಲಿಎಥಿಲೀನ್ ಕೊಳವೆ, ತುಕ್ಕು ಹಿಡಿಯದು. ಇಲ್ಲಿನ ಶತ್ರು ತುಕ್ಕಲ್ಲ, ಜೆಸಿಬಿ. ನೀರಿನವರು, ಕೇಬಲಿನವರು, ಚರಂಡಿಯವರು ಒಬ್ಬರಿಗೊಬ್ಬರು ಹೇಳದೆ ಅಗೆಯುವ ರಸ್ತೆಯಲ್ಲಿ ಅನಿಲದ ಕೊಳವೆಯ ಆಯುಸ್ಸು ನಕ್ಷೆಯನ್ನು ಯಾರು ನೋಡುತ್ತಾರೆ ಎಂಬುದರ ಮೇಲೆ ನಿಂತಿದೆ. ಜಾಲ ಹೊಸದಿರುವಾಗಲೇ ಬಾಸ್ಟನ್ನಿನಂತೆ ಒಂದು ವಾಹನ ಬೆಂಗಳೂರಿನ, ಮಂಗಳೂರಿನ ಬೀದಿ ಸುತ್ತಿ, ಸಿಕ್ಕ ಅಂಕಿಯನ್ನು ಸಾರ್ವಜನಿಕರ ಮುಂದಿಡಬಹುದು. ದೊಡ್ಡ ಖರ್ಚಿನ ಕೆಲಸವಲ್ಲ. ಗೋಬರ್ ಮತ್ತು ಕಸದಿಂದ ತಯಾರಾಗುವ ಸಿಬಿಜಿಯನ್ನು (ಒತ್ತಿ ತುಂಬಿದ ಜೈವಿಕ ಅನಿಲ) ನಗರ ಅನಿಲದಲ್ಲಿ ಬೆರೆಸುವುದನ್ನು ಕೇಂದ್ರ 2025–26ರಿಂದ ಹಂತಹಂತವಾಗಿ ಕಡ್ಡಾಯ ಮಾಡಿದೆ, ಶೇ 1ರಿಂದ ಶುರುವಾಗಿ 2028–29ಕ್ಕೆ ಶೇ 5. ಪುರದ ಸಗಣಿಯ ಮೊಮ್ಮಕ್ಕಳು ಹೀಗೆ ಗೇಲ್ ಕೊಳವೆಗೇ ಸೇರುತ್ತಿದ್ದಾರೆ. ಆ ಸ್ಥಾವರಗಳೂ ಸೋರುತ್ತವೆ, ಆ ಸೋರಿಕೆಯನ್ನೂ ಯಾರಾದರೂ ಅಳೆಯಲೇಬೇಕು.

ತುಮಕೂರು, ಚಿತ್ರದುರ್ಗದ ಕಡೆ ಹೊಲಗಳಲ್ಲಿ ಅಲ್ಲಲ್ಲಿ ಗುರುತಿನ ಕಂಬಗಳಿವೆ, ಕೆಳಗೆ ಕೊಳವೆ ಇದೆ ಎಂದು ತಿಳಿಸಲು. 1962ರ ಕಾಯ್ದೆಯ ಪ್ರಕಾರ ಜಮೀನು ರೈತನದೇ, ಬಳಕೆಯ ಹಕ್ಕು ಕಂಪನಿಯದು. ಕೊಳವೆಯ ಮೇಲಿನ ನೆಲದ ಪಟ್ಟಿಯಲ್ಲಿ ರಾಗಿ ಬಿತ್ತಬಹುದು, ಮನೆ ಕಟ್ಟುವಂತಿಲ್ಲ, ತೆಂಗು ನೆಡುವಂತಿಲ್ಲ. ಸೋರಿಕೆ ಕಂಡರೆ ಕರೆ ಮಾಡಿ ಎಂದು ದೂರವಾಣಿ ಸಂಖ್ಯೆಯೂ ಇರುತ್ತದೆ. ಸಿಲಿಂಡರಿನ ಗ್ಯಾಸಿಗೆ ಕೆಟ್ಟ ವಾಸನೆ ಬರಲೆಂದೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ದೂರದ ಸಾಗಣೆಯ ದೊಡ್ಡ ಕೊಳವೆಗಳಲ್ಲಿ ಸಾಮಾನ್ಯವಾಗಿ ಅದನ್ನು ಬೆರೆಸಿರುವುದಿಲ್ಲ, ನಗರದ ಬಾಗಿಲಲ್ಲಿ ಸೇರಿಸುತ್ತಾರೆ. ಆದ್ದರಿಂದ ಹೊಲದವನು ಮೂಗನ್ನು ನಂಬುವಂತಿಲ್ಲ. ಅವನು ನೋಡಬೇಕಾದದ್ದು ಬೇರೆ: ಸುತ್ತ ಹಸಿರಿರುವಾಗ ಒಂದು ಕಡೆ ಮಾತ್ರ ಹುಲ್ಲು ಒಣಗಿರುವುದು, ನೆಲದಿಂದ ಬುಸ್ ಎನ್ನುವ ಸದ್ದು, ಮಳೆ ಬಂದು ನೀರು ನಿಂತಾಗ ಆ ನೀರಿನಲ್ಲಿ ಬಿಡದೆ ಏಳುವ ಗುಳ್ಳೆ.